ಆರು ವಾರ ಬಿಟ್ಟು ಬನ್ನಿ

ಒಂದು ಲೀಟರ್ ನೀರು ಕುಡಿದು ಕೂತಿರಿ,
ತುಂಬಿದ ಮೇಲೆ ಕರೀತೀನಿ ಅಂದಳು ಸ್ಕ್ಯಾನಿಂಗ್ ಹುಡುಗಿ.
ನನಗೆ ನಗು ಬಂತು.
ಮಂಡ್ಯ–ನಾಗಮಂಗಲ ರೂಟಿನಲ್ಲಿ
ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ
ಗುಟುಕು ನೀರಿಗೂ ಲೆಕ್ಕ ಇಡುವ ಕಂಡಕ್ಟರ್ ನಾನು,
ಯಾವ ಸ್ಟ್ಯಾಂಡಿನ ಕಕ್ಕಸಿಗೆ ಚಿಲಕವಿದೆ
ಯಾವುದಕ್ಕಿಲ್ಲ
ಎಲ್ಲ ಬಾಯಿಪಾಠ.

ಗುತ್ತಲು ರಸ್ತೆಯ ಈ ಬೆಂಚಿನ ಮೇಲೆ
ಇವತ್ತು ರಜೆ ಹಾಕಿ ನೀರು ಕುಡಿಯುತ್ತಿದ್ದೇನೆ.
ಗೋಡೆಯ ಮೇಲೆ ಗುಲಾಬಿ ಕೆನ್ನೆಯ ಪರದೇಶಿ ಮಗು,
ಕೆಳಗೆ ಹೊಟ್ಟೆ ಹೊತ್ತವರ ಸಾಲು.
"ನಿಮ್ಗೆಷ್ಟು ತಿಂಗ್ಳು?" ಪಕ್ಕದವಳ ಪ್ರಶ್ನೆ.
ಬಸರಾಳು, ಬಸರಾಳು ಎಂದು
ದಿನಕ್ಕೆ ನಾಲ್ಕು ಸಲ ಫುಟ್‌ಬೋರ್ಡಿನಿಂದ ಕೂಗುವ ಬಾಯಿಗೆ
ಉತ್ತರ ಸಿಗಲಿಲ್ಲ.
ಮಗು ಆಗಲೇ ಹೊರಗಿದೆ, ಒಂಬತ್ತು ತಿಂಗಳದ್ದು,
ಮೆಟ್ಟಿಲ ಮೇಲೆ ಅತ್ತೆಯ ತೊಡೆಯಲ್ಲಿ.
ಒಳಗಿರುವುದು ಬೇರೆ.

ಮೊದಲ ಸಲ, ಮದುವೆಗೆ ಮುಂಚೆ,
ನೆಲ್ಲಿಕಾಯಷ್ಟು. ಬಂದ ಹಾಗೇ ಹೋಯಿತು.
ಎರಡನೇ ಸಲ ದಪ್ಪ ನಿಂಬೆಹಣ್ಣು:
ಮೈಸೂರಿನಲ್ಲಿ ಎರಡು ರಾತ್ರಿ, ಹೊಟ್ಟೆಗೆ ಮೂರು ತೂತು.
ಈಗ ಎಡಗಡೆ ಇನ್ನೊಂದು ಹತ್ತಿದೆ.
ಸೀಟಿಲ್ಲದಿದ್ದರೂ ಕಂಬ ಹಿಡಿದು ನಿಂತಿದೆ,
ಎಲ್ಲಿಳೀತೀಯವ್ವ ಅಂದರೆ
ಕಿಟಕಿಯಾಚೆ ನೋಡುತ್ತದೆ.

ಹೊರಗೆ ಹೊನ್ನಿ ಅತ್ತಳು.
ಅಷ್ಟು ಸಾಕು, ಎರಡೂ ಎದೆ ಜುಂ ಎಂದು
ಖಾಕಿಯಲ್ಲದ ರವಿಕೆ ನೆನೆಯಿತು.
ಕೆಳಗೆ ಹಿಡಿದ ನೀರು, ಮೇಲೆ ಹಿಡಿಯಲಾರದ ಹಾಲು,
ನಡುವೆ ಯಾರೂ ಕೇಳದೆ ತುಂಬಿಕೊಂಡ ಈ ಗುಳ್ಳೆ.
ನನ್ನ ಹೆಸರು ಕೂಗಿದಾಗ
ಎದ್ದು ನಿಲ್ಲುವುದೇ ದೊಡ್ಡ ಕೆಲಸವಾಯಿತು.

ತಣ್ಣನೆ ಲೋಳೆ. ಕಪ್ಪು ತೆರೆ.
ಈ ಕಡೆಗೊಂದು ಚುಕ್ಕಿ, ಆ ಕಡೆಗೊಂದು ಚುಕ್ಕಿ, ಟಕ್ ಟಕ್.
ಐದು ಪಾಯಿಂಟ್ ನಾಲ್ಕು ಸೆಂಟಿಮೀಟರ್.
ನಮ್ಮ ಬಸ್ಸಿನ ಬಾಗಿಲ ಪಕ್ಕವೂ ಒಂದು ಗೆರೆ ಇದೆ,
ಮಕ್ಕಳನ್ನು ನಿಲ್ಲಿಸಿ ಅಳೆಯುವುದಕ್ಕೆ.
ಎಷ್ಟು ತಾಯಂದಿರು ಕಂಡಿದ್ದೇನೆ,
"ಬಗ್ಗು ಬಗ್ಗು" ಎಂದು ಪಿಸುಗುಟ್ಟುವವರನ್ನು.
ನಾನೂ ಈಗ ಹೊಟ್ಟೆಗೆ ಅದನ್ನೇ ಹೇಳಿದೆ.

"ಹಾಲ್ ಬುಡ್ಸವ್ವ, ನಂಜು ಕೂಸ್ಗೂ ಇಳೀತದೆ,
ತಲೆಗೆ ಬಟ್ಟೆ ಕಟ್ಟು ಅಂದ್ರೆ ಕಟ್ನಿಲ್ಲ ನೀನು,"
ಜವರಮ್ಮನ ತೀರ್ಪು ಮೆಟ್ಟಿಲ ಮೇಲೇ ಆಗಿತ್ತು.
ಡಾಕ್ಟರು ತೇಜಾವತಿ ಕನ್ನಡಕ ತೆಗೆದು ಹೇಳಿದರು:
ಹಾಲಿಗೂ ಇದಕ್ಕೂ ಜಗಳವಿಲ್ಲ, ಕುಡಿಸಿ.
ಬರೀ ನೀರು ತುಂಬಿದೆ, ಗಾಬರಿಯಾಗುವಂಥದ್ದು ಕಾಣುತ್ತಿಲ್ಲ.
ಮತ್ತೆ ಮತ್ತೆ ಕಟ್ಟದಿರಲು ಮಾತ್ರೆ ಇದೆ,
ಹಾಲು ಕಡಿಮೆಯಾದೀತು, ಈಗ ಬೇಡ.
ಆರು ವಾರ ಬಿಟ್ಟು ಬನ್ನಿ.
ಆದರೆ ಒಮ್ಮೆಲೇ ಕಿತ್ತು ಹಿಂಡಿದಂತೆ ನೋವು,
ಜೊತೆಗೆ ವಾಂತಿ ಬಂತೋ,
ಗಂಟೆ ನೋಡಬೇಡಿ, ಆಸ್ಪತ್ರೆಗೆ ಓಡಿ ಬನ್ನಿ.

ಹಾಗಾಗಿ ಬಾಗಿಲ ಹಿಂದೆ ಒಂದು ಚೀಲ ತೂಗುತ್ತಿದೆ:
ಎರಡು ಲಂಗ, ಹಳೇ ರಿಪೋರ್ಟು,
ಎದುರುಮನೆ ಆಟೋದವನ ನಂಬರು.
ಡ್ರೈವರ್ ಪುಟ್ಟಮಾದಣ್ಣ ಏನೂ ಕೇಳಲಿಲ್ಲ,
ಆದರೆ ಹಂಪು ಬಂದಾಗ ಗಾಡಿ
ಈಗ ಮೊಟ್ಟೆ ಹೊತ್ತ ಹಾಗೆ ಇಳಿಯುತ್ತದೆ.
ಹಿಂದಿನ ಸೀಟಿನ ಹುಡುಗರಿಗೆ ಬೇಸರ.

ರಾತ್ರಿ ಮೂರು. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಕಿಟಕಿಯಿಂದ ಒಳಕ್ಕೆ.
ಹೊನ್ನಿ ಕುಡಿಯುತ್ತಾ ಕಾಲು ಝಾಡಿಸುತ್ತಾಳೆ,
ಸರಿಯಾಗಿ ಅಲ್ಲಿಗೇ, ಎಡಕ್ಕೆ,
ವಿಳಾಸ ಬರೆದುಕೊಂಡು ಬಂದವಳ ಹಾಗೆ.
ಹಲ್ಲು ಕಚ್ಚಿದೆ. ಮಗ್ಗುಲು ಬದಲಿಸಿದೆ. ಆಗಲಿಲ್ಲ.
ಕೊನೆಗೆ ಕೈಗೇ ಹೊಳೆಯಿತು:
ಕಂಕುಳಲ್ಲಿ ಅವಚಿಕೊಂಡೆ ಅವಳನ್ನು,
ತಲೆ ಎದೆಗೆ, ಕಾಲು ಬೆನ್ನ ಹಿಂದಕ್ಕೆ,
ಏಳು ವರ್ಷದಿಂದ ಹಣದ ಚೀಲ ಹಿಡಿದ ಹಾಗೇ.

ಒದೆ ಈಗ ಗಾಳಿಗೆ.
ಅವಳು ಕುಡಿಯುತ್ತಾಳೆ,
ನಾನು ಕ್ಯಾಲೆಂಡರಿನಲ್ಲಿ ಭಾನುವಾರಗಳನ್ನು ಎಣಿಸುತ್ತೇನೆ.
ಐದು ಉಳಿದಿವೆ.